ನಾನು ಸೊಪ್ಪು ತಿನ್ನುವವರ ಪಕ್ಷ

ಡೈನೋಸಾರ್ ಅಂದರೆ ಎಲ್ಲರಿಗೂ ಬಾಯಿ ತೆರೆದ ಟಿ. ರೆಕ್ಸೇ ಬೇಕು. ಕೋಲಾರದಲ್ಲಿ ಮಕ್ಕಳಿಗೆ ಅಂತ ಮಾರುವ ಚಾರ್ಟ್ ನೋಡಿ, ಟೀ ಶರ್ಟ್ ನೋಡಿ, ಸ್ಕೂಲ್ ಬ್ಯಾಗ್ ನೋಡಿ, ಎಲ್ಲಾ ಕಡೆ ಅವನದೇ ಹಲ್ಲು. ಸೊಪ್ಪು ತಿನ್ನುವ ಡೈನೋಸಾರ್‌ಗೆ ಚಿತ್ರದಲ್ಲಿ ಜಾಗ ಸಿಕ್ಕರೂ ಸಿಗುವುದು ಅವನ ಊಟವಾಗಿ. ಟ್ರೈಸೆರಾಟಾಪ್ಸ್‌ಗೆ ಮೂರು ಕೊಂಬಿದೆ, ಸ್ಟೆಗೋಸಾರಸ್‌ಗೆ ಬೆನ್ನ ಮೇಲೆ ಹಲಗೆ ಇದೆ, ಹಾಗಾಗಿ ಅವೆರಡಕ್ಕೆ ಅಷ್ಟೋ ಇಷ್ಟೋ ಮರ್ಯಾದೆ. ಮಿಕ್ಕವರ ಹೆಸರು ಕೇಳುವವರಿಲ್ಲ.

ಆದರೆ ಆ ಮಿಕ್ಕವರಿಗೇ ಪ್ರಾಣ ಬಿಡುವ ಒಂದು ಬಳಗ ಪ್ರಪಂಚದ ತುಂಬ ಇದೆ. ಕೂತು ಬಣ್ಣ ಹಾಕುತ್ತಾರೆ, ಮಣ್ಣಲ್ಲಿ ಮಾಡುತ್ತಾರೆ, ಒಂದು ಬಾಲದ ತುದಿಗೆ ವಾರಗಟ್ಟಲೆ ಜಗಳ ಆಡುತ್ತಾರೆ. ನಮ್ಮ ಮನೆಯಲ್ಲಿ ಈ ಹುಚ್ಚು ಹತ್ತಿರುವುದು ಅಕ್ಕನ ಮಗಳಿಗೆ. ಒಂಬತ್ತನೇ ಕ್ಲಾಸು. ಟಿ. ರೆಕ್ಸ್ ಬರಿ ಅಂದರೆ "ಬಿಡು ಮಾಮ, ಅದನ್ನ ಎಲ್ರೂ ಬರೀತಾರೆ" ಅಂತ ಮುಖ ತಿರುಗಿಸುತ್ತಾಳೆ. ಅವಳಿಗೆ ಬೇಕಾಗಿರುವುದು ಅಮೆರಿಕದ ಯೂಟಾದಲ್ಲಿ ಸಿಕ್ಕ ಕಾಸ್ಮೋಸೆರಾಟಾಪ್ಸ್. 2010ರಲ್ಲಿ ಅದಕ್ಕೆ ಹೆಸರಿಟ್ಟರು. ತಲೆಯ ಮೇಲೆ 15 ಕೊಂಬು! ಮೂಗಿಗೊಂದು, ಕಣ್ಣಿಗೊಂದೊಂದು, ಕೆನ್ನೆಗೊಂದೊಂದು, ಉಳಿದ ಹತ್ತು ತಲೆಯ ಹಿಂದಿನ ಫಲಕದ ಅಂಚಿನಲ್ಲಿ, ಅದರಲ್ಲಿ ಬಹಳಷ್ಟು ಹಣೆಯ ಮೇಲೆ ಕತ್ತರಿಸಿ ಬಿಟ್ಟ ಕೂದಲಿನ ಹಾಗೆ ಮುಂದಕ್ಕೆ ಬಾಗಿಕೊಂಡು. ಆಮೇಲೆ ನೈಜರ್ ದೇಶದ ನೈಜರ್‌ಸಾರಸ್. ಮೂತಿ ಅಗಲ, ಮುಂದಿನ ತುದಿ ನೆಟ್ಟಗೆ ಕತ್ತರಿಸಿದಂತೆ ಸಪಾಟು, ಒಳಗೆ 500ಕ್ಕೂ ಜಾಸ್ತಿ ಹಲ್ಲು, ಸವೆದ ಹಲ್ಲಿನ ಜಾಗಕ್ಕೆ ಸುಮಾರು 14 ದಿನಕ್ಕೊಂದು ಹೊಸ ಹಲ್ಲು. ಇಷ್ಟೆಲ್ಲಾ ಏರ್ಪಾಡು ನೆಲದ ಸೊಪ್ಪು ಮೇಯುವುದಕ್ಕೆ! ಇಂಥದ್ದನ್ನು ಬಿಟ್ಟು ಟಿ. ರೆಕ್ಸ್ ಹಿಂದೆ ಹೋಗುವವರನ್ನು ಕಂಡರೆ ನನಗೂ ಈಗ ಪಾಪ ಅನಿಸುತ್ತದೆ.

ಅವಳ ಚಿತ್ರಗಳಿಗೆ ನಿಜವಾದ ವಿಮರ್ಶಕಿ ನಮ್ಮಮ್ಮ. ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು, ಡೈನೋಸಾರ್ ಅನ್ನುವ ಮಾತೇ ಅವರ ಬಾಯಿಗೆ ಸರಿಯಾಗಿ ಬರುವುದಿಲ್ಲ. ಒಂದು ದಿನ ಸಗಣಿ ಕೈ ತೊಳೆದುಕೊಂಡು ಬಂದವರು ಹಾಳೆ ಎತ್ತಿ ನೋಡಿ ಕೇಳಿದರು, "ಇದೇನಮ್ಮಾ, ಬರಗಾಲದ್ದಾ?" ನೋಡಿದರೆ ಹೌದು. ಪಕ್ಕೆ ಒಳಗೆ ಹೋಗಿದೆ, ಮೂಳೆ ಎಣಿಸಬಹುದು, ಹೊಟ್ಟೆ ಬೆನ್ನಿಗೆ ಅಂಟಿದೆ. "ಸೊಪ್ಪು ತಿನ್ನೋ ಪ್ರಾಣಿಗೆ ಹೊಟ್ಟೆ ಬೇಡ್ವಾ? ತಿಂದಿದ್ದು ಎಲ್ಲಿ ಹಿಡಿಸುತ್ತೆ?"

ಅಮ್ಮ ಹೇಳಿದ್ದು ಸುಮ್ನೆ ಮಾತಲ್ಲ. ಬಹಳ ವರ್ಷ ದೊಡ್ಡ ದೊಡ್ಡ ಕಲಾವಿದರೂ ಡೈನೋಸಾರ್‌ಗಳನ್ನು ಹೀಗೆ ಮೂಳೆಗೇ ಚರ್ಮ ಹೊದಿಸಿ ಬರೆಯುತ್ತಿದ್ದರು. ಎಲೆ, ಕಡ್ಡಿ ಬೇಗ ಅರಗುವುದಿಲ್ಲ, ಹೊಟ್ಟೆಯಲ್ಲಿ ಬಹಳ ಹೊತ್ತು ಹುಳಿಯುತ್ತಾ ಇರಬೇಕು, ಅದಕ್ಕೆ ದೊಡ್ಡ ಕರುಳು ಬೇಕು, ದೊಡ್ಡ ಕರುಳಿಗೆ ದೊಡ್ಡ ಹೊಟ್ಟೆ ಬೇಕು. ಈಗಿನವರು ದಪ್ಪಗೆ, ತುಂಬಿಕೊಂಡ ಹಾಗೆ ಬರೆಯುತ್ತಾರೆ. ಮೆಲುಕು ಹಾಕುತ್ತಿತ್ತಾ ಅಂತಲೂ ಅಮ್ಮ ಕೇಳಿದರು. ಉದ್ದ ಕತ್ತಿನವಕ್ಕೆ ಅಗಿಯುವ ಹಲ್ಲೇ ಇರಲಿಲ್ಲ, ಕಿತ್ತು ನುಂಗುವುದಷ್ಟೇ ಅಂದೆ. "ಅದಕ್ಕೇ ಹೊಟ್ಟೆ ಇನ್ನೂ ದೊಡ್ಡದಿರ್ಬೇಕು" ಅಂದು ಒಳಗೆ ಹೋದರು. ರಬ್ಬರ್ ಹೊರಗೆ ಬಂತು.

ಇಂಥ ತಪ್ಪು ದೊಡ್ಡವರೂ ಮಾಡಿದ್ದಾರೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪಾರ್ಕಿನಲ್ಲಿ 1854ರಲ್ಲಿ ನಿಲ್ಲಿಸಿದ, ಇಗ್ವಾನೋಡಾನ್ ಅನ್ನುವ ಸೊಪ್ಪು ತಿನ್ನುವ ಡೈನೋಸಾರ್‌ನ ಮೂರ್ತಿಗೆ ಮೂಗಿನ ಮೇಲೆ ಕೊಂಬಿದೆ. ಅದು ಹೆಬ್ಬೆರಳಿನ ಮೂಳೆ ಅಂತ ಗೊತ್ತಾಗಿದ್ದು ಮುಂದೆ ಬೆಲ್ಜಿಯಮ್ಮಿನ ಗಣಿಯಲ್ಲಿ ಪೂರ್ತಿ ಅಸ್ಥಿಪಂಜರಗಳು ಸಿಕ್ಕ ಮೇಲೆ. ಮೂರ್ತಿ ಮಾತ್ರ ಇವತ್ತಿಗೂ ಹೆಬ್ಬೆರಳನ್ನು ಮೂಗಿನ ಮೇಲಿಟ್ಟುಕೊಂಡೇ ನಿಂತಿದೆ.

ಇನ್ನೊಂದು ರಗಳೆ ಹುಲ್ಲಿನದು. ಹುಡುಗಿ ಮೊದಮೊದಲು ಎಲ್ಲಾ ಪ್ರಾಣಿಯ ಕಾಲಡಿಗೂ ಹಸಿರು ಹುಲ್ಲು ಎಳೆಯುತ್ತಿದ್ದಳು. ಡೈನೋಸಾರ್‌ಗಳ ನಡುಗಾಲವಾದ ಜುರಾಸಿಕ್ ಕಾಲದಲ್ಲಿ ಹುಲ್ಲೇ ಇರಲಿಲ್ಲ, ಜರಿಗಿಡ ಹಾಕಬೇಕು ಅಂತ ಎಲ್ಲೋ ಓದಿ ಎಲ್ಲಾ ತಿದ್ದಿದಳು. ಅಮ್ಮನಿಗೆ ಇದು ನಂಬುವ ಮಾತೇ ಅಲ್ಲ. "ಹುಲ್ಲಿಲ್ದೆ ಇಷ್ಟು ದೊಡ್ಡ ದನಾನ ಯಾವ ಧೈರ್ಯದ ಮೇಲೆ ಸಾಕಿದ್ರು?" ಅವರ ಕಡೆಗೂ ಒಂದು ಸಾಕ್ಷಿ ಇದೆ ಅನ್ನಿ. ಮಹಾರಾಷ್ಟ್ರದ ಪಿಸದೂರದಲ್ಲಿ ಸಿಕ್ಕ, ಕಲ್ಲಾಗಿ ಹೋದ ಸಗಣಿಯಲ್ಲಿ ಹುಲ್ಲಿನ ಗಾಜಿನಂಥ ಕಣಗಳಿವೆ ಅಂತ ನಮ್ಮ ದೇಶದ ವಿಜ್ಞಾನಿಗಳೂ ಹೊರಗಿನವರೂ ಸೇರಿ 2005ರಲ್ಲಿ ತೋರಿಸಿದರು. ಬತ್ತ, ಬಿದಿರಿಗೆ ಹತ್ತಿರದ ಜಾತಿಗಳೂ ಅದರಲ್ಲಿದ್ದವು. ಅದು ಡೈನೋಸಾರ್‌ಗಳ ಕೊನೆಗಾಲ, ಸುಮಾರು ಆರೂವರೆ ಕೋಟಿ ವರ್ಷದ ಹಿಂದಿನ ಮಾತು. ಸಗಣಿ ಟೈಟನೋಸಾರ್ ಗುಂಪಿನ ಉದ್ದ ಕತ್ತಿನವರದ್ದು ಅಂತ ಲೆಕ್ಕ. ಅಮ್ಮನಿಗೆ ಹೇಳಿದೆ. ಒಂದಿಷ್ಟೂ ಆಶ್ಚರ್ಯ ಇಲ್ಲ. "ಏನು ತಿಂದಿದೆ ಅಂತ ಸಗಣಿ ನೋಡಿದ್ರೆ ತಿಳಿಯಲ್ವಾ? ಅದಕ್ಕೂ ಓದ್ಬೇಕಾ?"

ನಮ್ಮೂರಿನಲ್ಲೇ ಅಗೆದರೆ ಒಂದಾದರೂ ಸಿಗುತ್ತಾ ಅನ್ನುವುದು ಹುಡುಗಿಯ ಆಸೆ. ಸಿಗುವುದಿಲ್ಲ. ಅಂತರಗಂಗೆ ಬೆಟ್ಟದ ಬಂಡೆಗಳು ಸುಮಾರು 250 ಕೋಟಿ ವರ್ಷ, ಇಲ್ಲ ಅದಕ್ಕೂ ಹಳೆಯವು. ಡೈನೋಸಾರ್ ಹುಟ್ಟಿ ಇನ್ನೂ 23 ಕೋಟಿ ವರ್ಷ ಆಗಿದೆ ಅಷ್ಟೇ. ಕೋಲಾರದಲ್ಲಿ ಅಗೆದು ಚಿನ್ನ ತೆಗೆಯಬಹುದಿತ್ತು, ಡೈನೋಸಾರ್ ತೆಗೆಯುವ ಹಾಗಿಲ್ಲ.

ಒಳ್ಳೆ ಮೂಳೆ ಸಿಕ್ಕ ಜಾಗ ಅಂದರೆ ತೆಲಂಗಾಣ, ಮಹಾರಾಷ್ಟ್ರದ ಕಡೆಯ ಪ್ರಾಣಹಿತಾ-ಗೋದಾವರಿ ಕಣಿವೆ. ಅಲ್ಲಿಂದ ಬಂದದ್ದು ಜುರಾಸಿಕ್ ಕಾಲದ, ಉದ್ದ ಕತ್ತಿನ ಕೋಟಾಸಾರಸ್, ಹೈದರಾಬಾದಿನ ಬಿರ್ಲಾ ಮ್ಯೂಸಿಯಮ್ಮಿನಲ್ಲಿ ನಿಂತಿದೆ. ಅದೇ ಕಣಿವೆಯ, ಅದೇ ಥರದ ಬರಪಾಸಾರಸ್ ಟಾಗೋರೈ ಕೋಲ್ಕತ್ತಾದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿದೆ. ರವೀಂದ್ರನಾಥ ಟ್ಯಾಗೋರರ ಜನ್ಮಶತಮಾನೋತ್ಸವದ ಹೊತ್ತಿಗೆ ಮೂಳೆ ಸಿಕ್ಕಿತು ಅಂತ ಅವರ ಹೆಸರು. ಲೆಕ್ಕದವರ ಸಂಸ್ಥೆಯಲ್ಲಿ ಕವಿಯ ಹೆಸರಿನ ಡೈನೋಸಾರ್, ನಮ್ಮ ದೇಶದಲ್ಲಿ ಮಾತ್ರ ಸಾಧ್ಯ. ಹುಡುಗಿ ಈಗ ಕೂತಿರುವುದು ಇದರ ಮೇಲೆ. ಹೊಟ್ಟೆಯನ್ನು ಅಜ್ಜಿ ಪಾಸ್ ಮಾಡಿದ್ದಾರೆ. ಕಾಲಡಿಗೆ ಜರಿಗಿಡ ಇದೆ. ಕಷ್ಟ ಇರುವುದು ತಲೆಯಲ್ಲಿ, ಯಾಕೆಂದರೆ ರಾಶಿ ಮೂಳೆ ಸಿಕ್ಕರೂ ಬರಪಾಸಾರಸ್‌ನ ತಲೆಬುರುಡೆ ಸಿಕ್ಕಿಲ್ಲ, ಸಿಕ್ಕಿರುವುದು ಕೆಲವು ಹಲ್ಲು ಮಾತ್ರ. ಅಂದಾಜಿನ ಮೇಲೆ ಬರಿ ಅಂದೆ. ಆಗಲ್ಲವಂತೆ. ಕತ್ತನ್ನು ಹಾಗೇ ಎಳೆದುಕೊಂಡು ಹೋಗಿ ಹಾಳೆಯ ಮೇಲಂಚಿಗೆ ಮುಗಿಸಿದ್ದಾಳೆ, ತಲೆ ಹಾಳೆಯಿಂದ ಆಚೆ. ಬುರುಡೆ ಸಿಕ್ಕ ದಿನ ಮೇಲೆ ಇನ್ನೊಂದು ಹಾಳೆ ಅಂಟಿಸುತ್ತಾಳಂತೆ.