ಕಲ್ಲಿನ ಸಂದಿಗೆ ಔಷಧಿ ಬೇಡ, ಪೊರಕೆ ಹಿಡಿಯೋಣ

ಹೋದ ತಿಂಗಳು ವಿಡಿಯೊ ಕರೆಯಲ್ಲಿ ಭಾವನವರೊಂದಿಗೆ ಮಾತಾಡುತ್ತಲೇ ಮನೆ ಮುಂದಿನ ಕಲ್ಲುಹಾಸಿನ ಮೇಲೆ ಕೂತು ಕಳೆ ಕೆರೆಯುತ್ತಿದ್ದೆ. ಮಳೆ ನಿಂತು ನಾಲ್ಕು ದಿನವಾಗಿತ್ತು. ಪ್ರತಿ ಸಂದಿಯಲ್ಲೂ ಹಸಿರು ದಾರ ಎಳೆದಂತೆ ಹುಲ್ಲು ಮೊಳೆತಿತ್ತು. "ಅದೆಷ್ಟು ಹೊತ್ತು ಹಾಗೆ ಕೂರ್ತೀಯೋ? ಒಂದು ಸಲ ಔಷಧಿ ಹೊಡೆದುಬಿಡು, ಎಂಟು ದಿನಕ್ಕೆ ಒಣಗಿ ಹೋಗುತ್ತೆ" ಅಂದರು. "ಇಲ್ಲಿ ಹಾಗೆ ಹೊಡೆಯೋ ಹಾಗಿಲ್ಲ ಭಾವ" ಅಂದೆ. ಅವರಿಗೆ ಆಶ್ಚರ್ಯ. ಸ್ವಂತ ಮನೆಯ ಅಂಗಳಕ್ಕೂ ಸರ್ಕಾರದ ಅಪ್ಪಣೆ ಬೇಕೇ ಎಂದು ಕೇಳಿದರು.

ಹೌದು, ಬೇಕು. ನಾನಿರುವ ಜರ್ಮನಿಯಲ್ಲಿ ಕಲ್ಲುಹಾಸು, ಕಾಲುದಾರಿ, ಗಾಡಿ ನಿಲ್ಲಿಸುವ ಜಾಗಗಳಿಗೆ ವಿಶೇಷ ಅನುಮತಿಯಿಲ್ಲದೆ ಕಳೆನಾಶಕ ಹಾಕುವಂತಿಲ್ಲ. ಫ್ರಾನ್ಸ್‌ನಲ್ಲಿ 2017ರಿಂದ ಉದ್ಯಾನ, ರಸ್ತೆಗಳಲ್ಲಿ ಸ್ಥಳೀಯ ಆಡಳಿತಗಳು ರಾಸಾಯನಿಕ ಕಳೆನಾಶಕ ಬಳಸುವುದು ನಿಂತಿತು. 2019ರಿಂದ ಮನೆ ತೋಟದವರಿಗೆ ಮಾರುವುದೂ ನಿಂತಿತು. ಮೊದಮೊದಲು ನನಗೂ ಇದು ಅತಿಯಾಯಿತು ಅನಿಸುತ್ತಿತ್ತು. ಕಾರಣ ತಿಳಿದ ಮೇಲೆ ಮನಸ್ಸು ಬದಲಾಯಿತು.

ಬಹಳ ಬಳಕೆಯಲ್ಲಿರುವ ಗ್ಲೈಫೋಸೇಟ್ ಎಂಬ ಕಳೆನಾಶಕದ ವಿಷಯವನ್ನೇ ನೋಡಿ. ಅದು ಎಲೆಯ ಮೂಲಕ ಒಳಹೋಗಿ ಬೇರಿಗೆ ಇಳಿಯುತ್ತದೆ. ಹೊಲದಲ್ಲಿ ನೆಲಕ್ಕೆ ಬಿದ್ದ ಪಾಲು ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ, ನಿಧಾನವಾಗಿ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ. ಕಲ್ಲುಹಾಸಿನಲ್ಲಿ ಹಿಡಿದಿಟ್ಟುಕೊಳ್ಳಲು ಮಣ್ಣೆಲ್ಲಿದೆ? ಸಂದಿಯಲ್ಲಿ ಒಂದು ಬೆರಳಿನಷ್ಟು ಮರಳು, ಉಳಿದದ್ದೆಲ್ಲ ಕಲ್ಲು. ಮುಂದಿನ ಮಳೆಗೆ ಕಲ್ಲಿನ ಮೇಲಿದ್ದದ್ದು ತೊಳೆದು ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ, ಕೆರೆಗೆ. ಹೊಲಕ್ಕಿಂತ ಅಂಗಳದಲ್ಲೇ ಈ ಔಷಧಿ ಸುಲಭವಾಗಿ ನೀರಿಗೆ ಸೇರುತ್ತದೆ. ಜಾಗ ಚಿಕ್ಕದು, ಒಂದು ಸಲ ಹೊಡೆದರೆ ಏನು ಮಹಾ ಅನ್ನುವವರು ಇದನ್ನು ಯೋಚಿಸಬೇಕು.

ಅದರಿಂದ ಕ್ಯಾನ್ಸರ್ ಬರುತ್ತದೆಯೇ ಎಂಬ ಚರ್ಚೆಯನ್ನು ನಾನು ಎಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಬರುವ ಸಂಭವವಿದೆ ಎಂದಿತು, ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಅದನ್ನು ಒಪ್ಪಲಿಲ್ಲ. ಭಾರತದಲ್ಲೂ 2022ರ ಅಕ್ಟೋಬರ್‌ನಲ್ಲಿ ಕೀಟ ನಿಯಂತ್ರಣದ ವೃತ್ತಿಯವರು ಮಾತ್ರ ಅದನ್ನು ಬಳಸಬೇಕೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ನನ್ನ ಅಂಗಳಕ್ಕೆ ನೀರಿನ ಕಾರಣವೊಂದೇ ಸಾಕು.

ಹಾಗಾದರೆ ಇಲ್ಲಿನವರು ಮಾಡುವುದೇನು? ನನಗೆ ದಾರಿ ತೋರಿಸಿದವರು ಪಕ್ಕದ ಮನೆಯ ಹಿರಿಯರು. ವಾರಕ್ಕೊಮ್ಮೆ ಗಟ್ಟಿ ಕಡ್ಡಿಯ ಪೊರಕೆ ಹಿಡಿದು ಸಂದಿಯ ಉದ್ದಕ್ಕೂ ಗುಡಿಸುತ್ತಾರೆ. ಅವರ ಅಂಗಳದಲ್ಲಿ ಕಳೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಳೆ ಕಲ್ಲಿನ ಅಡಿಯಿಂದ ಮೇಲೆ ಬರುತ್ತದೆ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಹೆಚ್ಚಿನದು ಮೇಲಿನಿಂದಲೇ ಬರುವುದು. ಗಾಳಿಗೆ ಧೂಳು ಬಂದು ಕೂರುತ್ತದೆ, ಉದುರಿದ ಎಲೆ ಕೊಳೆತು ಅದರೊಂದಿಗೆ ಬೆರೆಯುತ್ತದೆ, ಸಂದಿಯಲ್ಲಿ ಒಂದು ಪುಟ್ಟ ಪಾತಿಯೇ ಸಿದ್ಧವಾಗುತ್ತದೆ. ಹಾರಿ ಬಂದ ಬೀಜಕ್ಕೆ ಇನ್ನೇನು ಬೇಕು? ಔಷಧಿ ಹೊಡೆದರೆ ಗಿಡ ಸಾಯುತ್ತದೆ, ಪಾತಿ ಹಾಗೇ ಉಳಿಯುತ್ತದೆ. ಸತ್ತ ಬೇರೂ ಅದಕ್ಕೇ ಗೊಬ್ಬರ. ಗುಡಿಸಿದರೆ ಪಾತಿಯೇ ಹೋಗುತ್ತದೆ, ಎರಡೆಲೆಯ ಮೊಳಕೆಗಳೂ ಕಿತ್ತು ಬರುತ್ತವೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅನ್ನುತ್ತಾರಲ್ಲ, ಹಾಗೆ.

ಬಲಿತ ಕಳೆಗೆ ಮಾತ್ರ ಕೈಯೇ ಗತಿ. ಮಳೆಯ ಮಾರನೇ ದಿನ, ಸಂದಿ ಇನ್ನೂ ಹಸಿಯಿರುವಾಗ, ತೆಳು ಬಾಯಿಯ ಚಾಕು ಅಥವಾ ಕೊಕ್ಕೆಯಂತೆ ಬಾಗಿದ ಕೆರೆಕತ್ತಿಯಿಂದ ಬೇರು ಸಮೇತ ಎಬ್ಬಿಸಬೇಕು. ಡ್ಯಾಂಡೆಲಿಯನ್‌ನಂಥ ಗಿಡದ ತಾಯಿಬೇರಿನ ತುಂಡು ಉಳಿದರೂ ಮತ್ತೆ ಚಿಗುರುತ್ತದೆ. ಕೆಲಸ ಮುಗಿದ ಮೇಲೆ ಖಾಲಿಯಾದ ಸಂದಿಗೆ ಒಣ ಮರಳು ಗುಡಿಸಿ ತುಂಬುವುದನ್ನು ಮರೆಯಬಾರದು. ಒತ್ತಡದ ನೀರಿನ ಯಂತ್ರದಿಂದ ತೊಳೆಯುವವರು ತಪ್ಪುವುದು ಇಲ್ಲೇ. ಆ ದಿನ ಅಂಗಳ ಫಳಫಳ ಹೊಳೆಯುತ್ತದೆ. ಮರಳೆಲ್ಲ ಹಾರಿಹೋಗಿ ಕಲ್ಲು ಅಲುಗಾಡತೊಡಗುತ್ತದೆ, ಖಾಲಿ ಸಂದಿಗೆ ಹೊಸ ಧೂಳು ತುಂಬಿಕೊಳ್ಳುತ್ತದೆ. ಸಂದಿಗೆ ಸಿಮೆಂಟ್ ಬಳಿಯುವುದೂ ನನಗೆ ಒಪ್ಪಿಗೆಯಿಲ್ಲ. ಮಳೆನೀರು ನೆಲಕ್ಕೆ ಇಳಿಯುವ ದಾರಿಯನ್ನೇ ಅದು ಮುಚ್ಚುತ್ತದೆ. ಮರಳಿನ ಮೇಲೆ ಕೂರಿಸಿದ ಕಲ್ಲು ಸ್ವಲ್ಪ ಅಲುಗಿದರೂ ಸಾಕು, ಸಿಮೆಂಟ್ ಬಿರುಕು ಬಿಟ್ಟು ಆ ಬಿರುಕಿನಲ್ಲೇ ಮತ್ತೆ ಹುಲ್ಲು.

ಕುದಿಯುವ ನೀರು ಒಳ್ಳೆಯ ಉಪಾಯ. ಸಣ್ಣ ಜಾಗಕ್ಕೆ ಕೆಟಲ್ ಸಾಕು, ಎಳೆಯ ಹುಲ್ಲು ಅಲ್ಲೇ ಬಾಡುತ್ತದೆ. ಬೇರು ಆಳಕ್ಕೆ ಇಳಿದಿದ್ದರೆ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಹಾಕಬೇಕು. ಚಿಗುರಿ ಚಿಗುರಿ ಬೇರಿನಲ್ಲಿ ಕೂಡಿಟ್ಟದ್ದು ಖರ್ಚಾದಾಗ ಗಿಡ ಸೋಲುತ್ತದೆ. ಗ್ಯಾಸ್ ಉರಿಯ ಉಪಕರಣವನ್ನು ಹಲವರು ತಪ್ಪಾಗಿ ಬಳಸುತ್ತಾರೆ, ಗಿಡ ಬೂದಿಯಾಗುವವರೆಗೂ ಸುಡುತ್ತಾರೆ. ಅದು ಬೇಕಿಲ್ಲ. ಒಂದೆರಡು ಕ್ಷಣ ಉರಿ ತಾಗಿಸಿ ಎಲೆಯನ್ನು ಬೆರಳಲ್ಲಿ ಒತ್ತಿ ನೋಡಿ. ಕಪ್ಪು ಹಸಿರಿನ ಗುರುತು ಉಳಿದರೆ ಎಲೆಯ ಜೀವಕೋಶಗಳು ಒಡೆದಿವೆ ಎಂದರ್ಥ. ಒಣಹುಲ್ಲು, ಬೇಲಿಗಿಡದ ಹತ್ತಿರ ಮಾತ್ರ ಉರಿ ತರಲೇಬೇಡಿ.

ವಿನೆಗರ್ ಮತ್ತು ಉಪ್ಪನ್ನು ಸಹಜ ವಿಧಾನ ಎಂದು ಹೇಳಿಕೊಡುವವರು ಎಲ್ಲ ಕಡೆ ಇದ್ದಾರೆ. ಅದೂ ನನಗೆ ಬೇಸರ ತರುವ ಸಂಗತಿ. ವಿನೆಗರ್ ಎಲೆಯನ್ನಷ್ಟೇ ಸುಡುತ್ತದೆ, ಸುಣ್ಣಕಲ್ಲು, ಕಾಂಕ್ರೀಟನ್ನೂ ಕೊರೆಯುತ್ತದೆ. ಉಪ್ಪು ಒಡೆಯುವುದಿಲ್ಲ, ಕೊಳೆಯುವುದಿಲ್ಲ. ನೀರಿನೊಂದಿಗೆ ಹರಿದು ಪಕ್ಕದ ಗಿಡಗಳ ಬುಡ ಸೇರುತ್ತದೆ. ಅಡುಗೆಮನೆಯಿಂದ ಬಂದದ್ದೆಲ್ಲ ಮಣ್ಣಿಗೆ ಒಳ್ಳೆಯದಲ್ಲ.

ಜಲ್ಲಿ ಹಾಸಿದ ಜಾಗದ ಕಥೆ ಸ್ವಲ್ಪ ಬೇರೆ. ಜಲ್ಲಿಯ ಕೆಳಗೆ ಬಟ್ಟೆಯಂಥ ಹಾಸು ಹಾಕಿದರೆ ಕಳೆ ಬರುವುದಿಲ್ಲ ಎಂದು ನಂಬಿ ಹಾಕಿದವರಲ್ಲಿ ನಾನೂ ಒಬ್ಬ. ಮೊದಲೆರಡು ವರ್ಷ ಚೆನ್ನಾಗಿತ್ತು. ಆಮೇಲೆ ಜಲ್ಲಿಯ ನಡುವೆ ಮಣ್ಣು ತುಂಬಿ ಬಟ್ಟೆಯ ಮೇಲೆಯೇ ಗಿಡ ಬೆಳೆಯಿತು, ಬೇರು ಬಟ್ಟೆಯೊಳಗೆ ನೇಯ್ದುಕೊಂಡಿತು. ಈಗ ಒಂದು ಗಿಡ ಎಳೆದರೆ ಬಟ್ಟೆಯೂ ಎದ್ದು ಬರುತ್ತದೆ. ಜಲ್ಲಿ ಮಣ್ಣಿಗೆ ಇಳಿಯದಂತೆ ತಡೆಯಲು ಅದು ಉಪಯೋಗಕ್ಕೆ ಬರುತ್ತದೆ ನಿಜ, ಕಳೆ ತಡೆಯುತ್ತದೆ ಎಂಬ ಆಸೆ ಬೇಡ. ನಾನೀಗ ಬಿಸಿಲಿನ ಬೆಳಗ್ಗೆ ರೇಕ್ ಹಿಡಿದು ಜಲ್ಲಿಯನ್ನು ಎಳೆದಾಡುತ್ತೇನೆ. ಮೊಳಕೆಗಳು ಬುಡಮೇಲಾಗಿ ಮಧ್ಯಾಹ್ನದೊಳಗೆ ಒಣಗುತ್ತವೆ. ಉದುರಿದ ಎಲೆಯನ್ನು ಅಲ್ಲೇ ಕೊಳೆಯಲು ಬಿಡುವುದಿಲ್ಲ.

ಇನ್ನು ಹಾವಸೆ. ಕಲ್ಲಿನ ಮೇಲೆ ಬೆಳೆದರೆ ಕಾಲು ಜಾರುತ್ತದೆ, ಉಜ್ಜಿ ತೆಗೆಯಲೇಬೇಕು. ನೆರಳಿನ ಸಂದಿಯಲ್ಲಿ ಬೆಳೆದದ್ದನ್ನು ನಾನು ಬಿಟ್ಟಿದ್ದೇನೆ. ಅದು ಯಾರಿಗೂ ತೊಂದರೆ ಕೊಡುವುದಿಲ್ಲ, ನೋಡಲೂ ಚೆಂದ.

ಇದನ್ನೆಲ್ಲ ಹೇಳಿದಾಗ ಭಾವನವರು ಕೇಳಿದ್ದು ಒಂದೇ ಪ್ರಶ್ನೆ: "ಜೇಕಿಗೆ ಏನು ಮಾಡ್ತೀಯ?" ಒಳ್ಳೆಯ ಪ್ರಶ್ನೆ. ಜೇಕಿನ ಗಡ್ಡೆ ನೆಲದಡಿ ಸರಪಳಿಯಂತೆ ಹಬ್ಬಿರುತ್ತದೆ, ಪೊರಕೆಗೂ ಬಿಸಿನೀರಿಗೂ ಜಗ್ಗುವುದಿಲ್ಲ. ಅದು ಹೊಕ್ಕ ಕಡೆ ಕಲ್ಲೆಬ್ಬಿಸಿ ಗಡ್ಡೆ ಆರಿಸಿ ತೆಗೆದು ಮತ್ತೆ ಕಲ್ಲು ಕೂರಿಸಿ ಎಂದೆ. ಹೊಸ ಗರಿ ಕಂಡಾಗಲೆಲ್ಲ ಬಿಡದೆ ಕೀಳುತ್ತಿರಬೇಕು ಅಂತಲೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲು ಬಾಗಿಲ ಬಳಿಯ ನಾಲ್ಕು ಕಲ್ಲು ಎಬ್ಬಿಸಿ ನೋಡುತ್ತೇನೆ ಅಂದರು.