ನಿಮ್ಮಪ್ಪಂಗೆ ಹೇಳು

ಅಪ್ಪನ ಹಳೇ ರೇಡಿಯೊವನ್ನು ಅಮ್ಮ ಗುಜರಿಯವನಿಗೆ ಹಾಕಿದ ದಿನದಿಂದ ಇಬ್ಬರಿಗೂ ಮಾತಿಲ್ಲ. ಮಾತಿಲ್ಲ ಅಂದರೆ ನೇರ ಮಾತಿಲ್ಲ, ಅಷ್ಟೇ. ಮಧ್ಯೆ ನಾನಿದ್ದೆನಲ್ಲ.

"ನಿಮ್ಮಪ್ಪಂಗೆ ಹೇಳು, ಉಪ್ಪಿಟ್ಟು ಆಗಿದೆ."

ಅಪ್ಪ ಎರಡಡಿ ದೂರದಲ್ಲೇ ಪೇಪರ್ ಓದುತ್ತಿರುತ್ತಾರೆ. "ಹಸಿವಿಲ್ಲ ಅಂತ ಹೇಳು."

"ಬೆಳಗ್ಗೆನೇ ಎರಡು ಬಾಳೆಹಣ್ಣು ಯಾರು ತಿಂದಿದ್ದು, ಕೇಳು."

ನಾನು ಬಾಯಿ ತೆರೆಯುವ ಮೊದಲೇ ಉತ್ತರ ಬಂದಿರುತ್ತದೆ. ಆದರೂ ನಾನು ಅಲ್ಲಿ ನಿಂತಿರಲೇಬೇಕು. ಎದ್ದು ಹೋದರೆ ಜಗಳವೂ ನಿಂತುಹೋಗುತ್ತದೆ.

ಇದಕ್ಕೂ ಒಂದು ಶಾಸ್ತ್ರ ಇದೆ ಅಂತ ಆಮೇಲೆ ಗೊತ್ತಾಯಿತು. 1950ರ ದಶಕದಲ್ಲಿ ಮರ್ರಿ ಬೋವೆನ್ ಎಂಬ ಅಮೆರಿಕದ ಮನೋವೈದ್ಯರು ರೋಗಿಗಳ ಜೊತೆ ಮನೆಯವರನ್ನೂ ಆಸ್ಪತ್ರೆಯಲ್ಲೇ ಇರಿಸಿಕೊಂಡು ಗಮನಿಸಿದರು. ಇಬ್ಬರ ನಡುವೆ ಬಿಸಿ ಏರಿದರೆ ಮೂರನೆಯವರನ್ನು ಎಳೆದುಕೊಂಡು ಇವರು ತಣ್ಣಗಾಗುತ್ತಾರೆ ಅನ್ನುವುದು ಅವರ ಲೆಕ್ಕ. ಅದಕ್ಕೆ ತ್ರಿಕೋನ ಅಂತ ಹೆಸರಿಟ್ಟರು. ನಮ್ಮನೆಗೆ ಬಂದಿದ್ದರೆ ಆಸ್ಪತ್ರೆಯ ಖರ್ಚಾದರೂ ಉಳಿಯುತ್ತಿತ್ತು.

ಒಮ್ಮೆ ಎರಡು ದಿನ ಹುಬ್ಬಳ್ಳಿಗೆ ಹೋಗಬೇಕಾಯಿತು. ಈಗಲಾದರೂ ನೇರ ಮಾತಾಡಿಯಾರು ಅಂದುಕೊಂಡೆ. ವಾಪಸ್ ಬಂದು ನೋಡಿದರೆ ನನ್ನ ಜಾಗಕ್ಕೆ ಒಂದನೇ ಕ್ಲಾಸಿನ ಮಗಳು ಸೇರಿಕೊಂಡಿದ್ದಳು. ಮಾತಿಗೊಂದು ಕಡ್ಲೆ ಮಿಠಾಯಿ ಸಂಬಳ. ಇಷ್ಟು ದಿನ ನಾನು ಸುಮ್ನೆ ದುಡಿದಿದ್ದೆ!

ಕೆಲಸ ವಾಪಸ್ ಸಿಕ್ಕಿದ ದಿನವೇ ಎಡವಟ್ಟಾಯಿತು. "ನಿಮ್ಮಪ್ಪಂಗೆ ಹೇಳು, ಸಿಲಿಂಡರ್ ಬುಕ್ ಮಾಡ್ಬೇಕು" ಅಂದಿದ್ದರು ಅಮ್ಮ. ನಮ್ಮಲ್ಲಿ ಗ್ಯಾಸ್ ಅಪ್ಪನ ಖಾತೆ, ಬೇರೆಯವರು ಕೈ ಹಾಕುವಂತಿಲ್ಲ. ಅಪ್ಪ ಆಗ ಸ್ನಾನಕ್ಕೆ ಹೋಗಿದ್ದರು. ನಾನು ಮರೆತೆ.

ಭಾನುವಾರ ಬಾಣಲೆ ತುಂಬ ಚಕ್ಕುಲಿ. ಒಂದು ಮಗ್ಗುಲು ಕೆಂಪಗಾಗಿತ್ತು, ಇನ್ನೊಂದು ಬೆಳ್ಳಗೇ ಇತ್ತು. ಒಲೆ ಪುಸ್ಸೆಂದು ಆರಿತು.

"ಇವನಿಗೆ ಹೇಳಿದ್ದೆ ಕಣ್ರೀ!" ಅಂದರು ಅಮ್ಮ. "ನನಗೆ ಇವನು ಹೇಳೇ ಇಲ್ಲ ಕಣೇ!" ಅಂದರು ಅಪ್ಪ. ಎಷ್ಟೋ ದಿನಗಳ ಮೇಲೆ ಇಬ್ಬರೂ ನೇರವಾಗಿ ಆಡಿದ ಮಾತು ಅದು. ನನ್ನ ಮರೆವು, ಬೇಜವಾಬ್ದಾರಿ, ಎಸ್ಸೆಸ್ಸೆಲ್ಸಿ ಗಣಿತದ ಮಾರ್ಕ್ಸು, ಎಲ್ಲ ಹೊರಬಂತು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ, ನಾನು ಕೇಳಲಿಲ್ಲ.

ಪಕ್ಕದ ಮನೆಯಿಂದ ಕಾಫಿ ಬಂತು. ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಹೀರಿದರು. ನಾನು ಎದುರಿನ ಕುರ್ಚಿಯಲ್ಲೇ ಮುಖ ಊದಿಸಿಕೊಂಡು ಕೂತಿದ್ದೆ.

ಅಮ್ಮ ಅಪ್ಪನ ಕಡೆ ತಿರುಗಿದರು. "ರೀ, ಅವನಿಗೆ ಹೇಳಿ, ಕಾಫಿ ಆರಿ ಹೋಗ್ತಿದೆ ಅಂತ."