‘ಮುರಿದಿಲ್ಲ ಬಿಡು, ಉಳುಕಿರಬೇಕು’

ಮಗು ಸೀಬೆ ಮರದಿಂದ ಬಿದ್ದು ಮೊಣಕೈ ಊದಿಸಿಕೊಂಡು ಬಂದರೆ ಮನೆಯಲ್ಲಿ ಯಾರಾದರೂ ‘ಬೆರಳಾಡಿಸು ನೋಡೋಣ’ ಎನ್ನುತ್ತಾರೆ. ಬೆರಳು ಆಡುತ್ತದೆ. ‘ಮುರಿದಿಲ್ಲ ಬಿಡು, ಉಳುಕಿರಬೇಕು’ ಎಂಬ ತೀರ್ಪು ಬೀಳುತ್ತದೆ, ಹಿಂದೆಯೇ ಎಣ್ಣೆ ಬಟ್ಟಲು ಬರುತ್ತದೆ. ಈ ತೀರ್ಪು ಕೇಳಿದರೆ ನನಗೆ ಮೈ ಉರಿಯುತ್ತದೆ. ಮೊಣಕೈಯ ಮೂಳೆ ಮುರಿದಿದ್ದರೂ ಬೆರಳು ಆಡಬಹುದು.

ನೋಡಬೇಕಾದದ್ದು ಕೈ ಪೂರ್ತಿ ನೆಟ್ಟಗಾಗುತ್ತದೆಯೇ ಎಂದು. ಅಂಗೈ ಮೇಲಾಗಿ ಎರಡೂ ತೋಳುಗಳನ್ನು ಮುಂದಕ್ಕೆ ಚಾಚಿಸಿ. ಪೆಟ್ಟಾದ ಕೈ ಇನ್ನೊಂದರಷ್ಟು ನೆಟ್ಟಗಾಗದಿದ್ದರೆ ಎಕ್ಸ್‌ರೇ ಬೇಕು. ತಾನಾಗಿ ಚಾಚಬೇಕು, ನೀವು ಹಿಡಿದು ಎಳೆಯಬಾರದು. ಕೈ ಸೊಟ್ಟಗಾಗಿದ್ದರೆ ಈ ಪರೀಕ್ಷೆಯೂ ಬೇಡ, ಹೊರಡಿ.

ಐದಾರು ವರ್ಷದ ಮಕ್ಕಳಲ್ಲಿ ಮೊಣಕೈಗೆ ತುಸು ಮೇಲೆ ತೋಳಿನ ಮೂಳೆ ತೆಳ್ಳಗಿರುತ್ತದೆ. ಕೈಯೂರಿ ಬಿದ್ದರೆ ಮೊಣಕೈ ಹೆಚ್ಚಾಗಿ ಮುರಿಯುವುದು ಅಲ್ಲೇ. ಅದರ ಮುಂದೆಯೇ ಮುಂಗೈಗೆ ರಕ್ತ ಒಯ್ಯುವ ದೊಡ್ಡ ನಾಳವೂ ನರವೂ ಹಾದುಹೋಗುತ್ತವೆ. ಬಾವು ಏರುತ್ತಿರುವಾಗ ದಬ್ಬೆಯಿಟ್ಟು ಬಿಗಿದು ಕಟ್ಟಿದರೆ ರಕ್ತದ ಓಡಾಟ ನಿಂತು, ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಕೈ ಹಕ್ಕಿಯ ಪಂಜದಂತೆ ಮಡಚಿಕೊಂಡೇ ಉಳಿಯುತ್ತದೆ. ಜರ್ಮನಿಯ ಶಸ್ತ್ರಚಿಕಿತ್ಸಕ ಫೋಲ್ಕ್‌ಮನ್ ಬಿಗಿ ಕಟ್ಟಿನ ಈ ಅನಾಹುತವನ್ನು 1881ರಲ್ಲೇ ಬರೆದಿಟ್ಟಿದ್ದಾರೆ. ನಾವು ಇನ್ನೂ ಕಟ್ಟಿಸಿಕೊಳ್ಳುತ್ತಲೇ ಇದ್ದೇವೆ.

ಆದ್ದರಿಂದ ಬೆರಳಿನ ಬಣ್ಣ ನೋಡಿ. ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಬೆರಳು ತಣ್ಣಗೆ, ಬಿಳಿಚಿದ್ದರೆ, ಜೋಮು ಹಿಡಿದಿದ್ದರೆ, ಮೆಲ್ಲಗೆ ಬಿಡಿಸಿದರೂ ಮಗು ಚೀರಿದರೆ, ನೋವು ಹೊತ್ತಿನಿಂದ ಹೊತ್ತಿಗೆ ಏರುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಬಳೆ, ಉಂಗುರ, ಮುಂಗೈಯ ದಾರ ಎಲ್ಲವನ್ನೂ ಬಾವು ಏರುವ ಮೊದಲೇ ತೆಗೆಯಿರಿ. ದೇವರ ದಾರ ಕತ್ತರಿಸಬಾರದು ಎನ್ನುವವರು ಇದ್ದೇ ಇರುತ್ತಾರೆ. ದೇವರು ಬೇಸರಿಸಿಕೊಳ್ಳುವುದಿಲ್ಲ, ಕತ್ತರಿ ತನ್ನಿ. ಕೈಯನ್ನು ಇದ್ದ ಹಾಗೆಯೇ ಜೋಳಿಗೆಯಂತೆ ಶಾಲಿನಲ್ಲಿ ತೂಗುಹಾಕಿ ಕರೆದೊಯ್ಯಿರಿ.

ತಿಕ್ಕುವುದಂತೂ ಬೇಡವೇ ಬೇಡ. ಪೆಟ್ಟಾದ ಮೊಣಕೈಯನ್ನು ನೀವಿ ಎಳೆದರೆ ಸುತ್ತಲ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಸೆಟೆಯಬಹುದು.

ಎಲ್ಲ ನೋವಿಗೂ ಓಡಬೇಕೆಂದಿಲ್ಲ. ಬಟ್ಟೆ ಹಿಂಡಿ ಹಿಂಡಿ ಮೊಣಕೈ ಹೊರಬದಿ ನೋಯುತ್ತಿದ್ದರೆ ಒಂದೆರಡು ವಾರ ಕೈಗೆ ಬಿಡುವು ಕೊಟ್ಟು ನೋಡಬಹುದು. ಆದರೆ ಮೊಣಕೈ ತುದಿ ಊದಿ, ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ಅದು ಸೋಂಕಾಗಿರಬಹುದು. ಅದೇ ದಿನ ತೋರಿಸಬೇಕು.

ಇನ್ನೊಂದು. ಮಕ್ಕಳ ಮೊಣಕೈಯಲ್ಲಿ ಎಷ್ಟೋ ಭಾಗ ಇನ್ನೂ ಗಟ್ಟಿ ಮೂಳೆಯಾಗದ ಮೃದ್ವಸ್ಥಿ, ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಹೋಲಿಸಿ ನೋಡಲು ವೈದ್ಯರು ಕೆಲವೊಮ್ಮೆ ಪೆಟ್ಟಾಗದ ಕೈಯ ಎಕ್ಸ್‌ರೇಯನ್ನೂ ತೆಗೆಸುತ್ತಾರೆ. ‘ದುಡ್ಡು ಹೊಡೆಯಲು’ ಎಂದು ಅಲ್ಲಿ ಜಗಳ ತೆಗೆಯಬೇಡಿ.